ತಿರುಗದ ಸ್ಪ್ರಿಂಕ್ಲರ್

"ಹೇಗೆ ತಿರುಗ್ತಿತ್ತು? ಇನ್ನೊಂದು ಸಲ ತೋರಿಸಿ."

ಕಟ್ಟಡ ನೋಡಿಕೊಳ್ಳುವ ಓಬಳರಾಜು ಬಲಗೈ ಎತ್ತಿ ತೋರುಬೆರಳನ್ನು ತಲೆಯ ಮೇಲೆ ಸುತ್ತಿಸಿದ. ಸುತ್ತು ಒಂದೇ ಸಮನೆ ಇರಲಿಲ್ಲ; ಬೆರಳು ತಡೆತಡೆದು ಮುಂದೆ ಹೋಗುತ್ತಿತ್ತು.

"ಇಂಗೆ ಮೇಡಂ. ಟಿಕ್ ಟಿಕ್ ಟಿಕ್ ಅಂತ ಸುತ್ತ ಹೊಡೀತಿತ್ತು. ನಾಕೂ ಮೂಲೆಗೂ ನೀರು. ಸಾರ್‌ನ ಒಳಕ್ಕೆ ಎಳ್ಕೊಳ್ಳೋ ಹೊತ್ಗೆ ನಾನೂ ನೆಂದೋಗಿದ್ದೆ."

"ಅಷ್ಟು ನೀರು ಬಂದರೂ ಬೆಂಕಿ ಆರಲಿಲ್ಲ?"

"ಒಲೆ ಬೆಂಕಿ ಅಲ್ವಾ ಮೇಡಂ, ಇದ್ಲು. ಅದು ಎಲ್ಲಿ ಆರ್ತದೆ."

ಲೋಹಿತಾ ತಲೆಯಾಡಿಸಿದಳು. ಒಪ್ಪಿದಳೋ ಇಲ್ಲವೋ ಅವಳ ಮುಖ ನೋಡಿ ಹೇಳುವಂತಿರಲಿಲ್ಲ.

ಅವರು ನಿಂತಿದ್ದದ್ದು ಮಧುಗಿರಿಯ ಶಿರಾ ರಸ್ತೆಯ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿ, ಮಸಿ ಹಿಡಿದ ಬಾಲ್ಕನಿಯಲ್ಲಿ. ಕಳೆದ ತಿಂಗಳು ಇಲ್ಲಿಯೇ ಚೇತನ್ ಕುಮಾರ್ ಎಂಬ ಎಂಜಿನಿಯರ್ ಸುಟ್ಟು ಸತ್ತಿದ್ದ. ಅವನಿಗೆ ಅಡುಗೆ ಮಾಡಿಕೊಡುತ್ತಿದ್ದ ಬೊಮ್ಮಕ್ಕನ ಇದ್ದಿಲ ಒಲೆಯಿಂದ ಕಿಡಿ ಹಾರಿ, ಇದೇ ಬಾಲ್ಕನಿಯಲ್ಲಿ ಚಾರ್ಜಿಗೆ ಇಟ್ಟಿದ್ದ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಗೆ ಬೆಂಕಿ ಹತ್ತಿತು ಎಂಬುದು ಪೊಲೀಸರ ತೀರ್ಮಾನ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣಳಾದ ಆರೋಪ ಆ ಹೆಂಗಸಿನ ಮೇಲಿತ್ತು. ಸೋಮವಾರ ಆರೋಪಪಟ್ಟಿ ಕೋರ್ಟಿಗೆ ಹೋಗುವುದಿತ್ತು.

ಲೋಹಿತಾ ವಿಮಾ ಕಂಪನಿಯ ಪರವಾಗಿ ಬಂದ ಸರ್ವೇಯರ್. ಬೆಂಕಿ ಬಿದ್ದ ಜಾಗ ನೋಡುವುದು, ಕಾರಣ ಬರೆಯುವುದು ಅವಳ ಕೆಲಸ. ಹುಟ್ಟಿದ್ದು ಕೊರಟಗೆರೆಯಲ್ಲಿ. ಕಂಡದ್ದನ್ನು ಬರೆಯುತ್ತಾಳೆ, ಕಾಣದ್ದನ್ನು ಬರೆಯುವುದಿಲ್ಲ ಎಂಬ ಹೆಸರು ಅವಳಿಗಿತ್ತು. ಅದು ಹೊಗಳಿಕೆಯಾಗಿ ಬಂದ ಹೆಸರೇನೂ ಅಲ್ಲ.

"ಮೇಡಂ, ಮೊದಲು ಮಜ್ಜಿಗೆ ತಗೊಳ್ಳಿ." ಹಾಲ್‌ನಿಂದ ಜಯರಾಮಯ್ಯ ಕರೆದರು. "ಮಧುಗಿರಿಯಲ್ಲಿ ಬಿಸಿಲು ಆಕಾಶದಿಂದ ಬರೋದಿಲ್ಲ, ಬಂಡೆಯಿಂದ ಬರುತ್ತೆ. ನಲವತ್ತು ವರ್ಷ ಮೇಷ್ಟ್ರಾಗಿದ್ದು ಹುಡುಗರಿಗೆ ನಾನು ಇದನ್ನ ಅರ್ಥ ಮಾಡಿಸೋಕೆ ಆಗಲಿಲ್ಲ."

ಜಯರಾಮಯ್ಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಇಲ್ಲಿನ ನಿವಾಸಿಗಳ ಸಂಘದ ಅಧ್ಯಕ್ಷರು. ಈ ಮನೆಯ ನೇರ ಕೆಳಗಿನದು ಅವರ ಮನೆ. ಬೊಮ್ಮಕ್ಕನಿಗೆ ವಕೀಲರನ್ನು ಗೊತ್ತುಮಾಡಿದವರೂ ಅವರೇ. ಬೆಳಗಿನಿಂದ ಬೀಗದ ಕೈ ಹಿಡಿದು ಲೋಹಿತಾಳ ಜೊತೆಗೇ ಇದ್ದರು.

ಅವಳು ಒಳಗೆ ಬಂದು ಲೋಟ ತೆಗೆದುಕೊಂಡಳು. ಹೊಸ ಸ್ಟೀಲು; 'ಹರ್ಷಿತಾ ನಿಶ್ಚಿತಾರ್ಥ' ಎಂದು ಕೊರೆಸಿತ್ತು.

"ಮಗಳಾ?"

"ಹೌದು. ಛತ್ರಗಿತ್ರ ಬೇಡ ಅಂತ ಮನೆಯಲ್ಲೇ ಮಾಡಿದ್ವಿ. ಚೇತನ್ ಬಂದು ಊಟ ಬಡಿಸಿದ್ದ." ಮೇಷ್ಟ್ರು ಬಾಲ್ಕನಿಯ ಕಡೆ ನೋಡಿದರು. "ಒಳ್ಳೇ ಹುಡುಗ. ಎಲ್ಲಾದಕ್ಕೂ ಪ್ರಶ್ನೆ ಕೇಳೋನು."

ಬಾಲ್ಕನಿಯ ಕಂಬಿಯ ಮೇಲೆ ಧಪ್ಪೆಂದು ಒಂದು ಕೋತಿ ಬಂದು ಕುಳಿತಿತು. ಹಿಂದೆಯೇ ಮರಿ ಕಟ್ಟಿಕೊಂಡ ಇನ್ನೊಂದು. ಓಬಳರಾಜು ಹೋ ಎಂದು ಅಟ್ಟಿ ಒಳಗೆ ಬಂದವನೇ ಬಾಲ್ಕನಿ ಬಾಗಿಲನ್ನು ಎಳೆದು ಮೇಲಿನ ಚಿಲಕ ಹಾಕಿದ. ಕಬ್ಬಿಣದ ಬಾಗಿಲು, ಮೇಲರ್ಧಕ್ಕೆ ಜಾಲರಿ. ಅವನು ಚಿಲಕದ ಕಡೆ ನೋಡಲೂ ಇಲ್ಲ. ಕೈ ತಾನೇ ಹೋಗಿತ್ತು.

"ಬೆಟ್ಟದ ಎದುರು ಮನೆ ಕಟ್ಟಿದ ತಪ್ಪಿಗೆ," ಎಂದು ಮೇಷ್ಟ್ರು ನಕ್ಕರು.

ಲೋಹಿತಾ ಮಜ್ಜಿಗೆ ಕುಡಿದು ಮುಗಿಸಿದಳು. ಅವಸರವಿಲ್ಲದವಳಂತೆ ಬಾಗಿಲು ತೆಗೆದು ಮತ್ತೆ ಹೊರಗೆ ಹೋದಳು.

ಇಷ್ಟು ಗಿಡ್ಡ ಕಟ್ಟಡದ ಮನೆಗಳಿಗೆ ಸ್ಪ್ರಿಂಕ್ಲರ್ ಹಾಕಲೇಬೇಕೆಂದು ಇಲ್ಲಿನ ನಿಯಮ ಕೇಳುವುದಿಲ್ಲ. ಬಾಲ್ಕನಿಯ ಮಾತಂತೂ ದೂರ. ಇಲ್ಲಿ ಅವು ಬಂದದ್ದು ಪಾವಗಡದ ಸೌರ ಫಲಕಗಳ ದೆಸೆಯಿಂದ. ರಾಯಚರ್ಲು ಕಡೆ ಕೆಲಸ ಹಿಡಿದಿದ್ದ ವಿದೇಶಿ ಕಂಪನಿಯೊಂದು ತನ್ನ ಎಂಜಿನಿಯರುಗಳಿಗೆಂದು ಈ ಮಹಡಿಯನ್ನು ಪೂರ್ತಿ ಬಾಡಿಗೆಗೆ ಪಡೆದಿತ್ತು. ತನ್ನವರು ಮಲಗುವ ಕಡೆ ತನ್ನ ದೇಶದ ನಿಯಮವೇ ನಡೆಯಬೇಕೆಂದು ಪಟ್ಟು ಹಿಡಿದಿತ್ತು.

ಆ ದೇಶದಲ್ಲಿ ಮರದ ಚೌಕಟ್ಟಿನ ಅಪಾರ್ಟ್‌ಮೆಂಟುಗಳು ಹೆಚ್ಚು. ಬಾಲ್ಕನಿಯಲ್ಲಿ ಯಾರೋ ಇದ್ದಿಲು ಹೊತ್ತಿಸುತ್ತಾರೆ, ಸಿಗರೇಟು ಎಸೆಯುತ್ತಾರೆ. ಬೆಂಕಿ ಹೊರಗೋಡೆ ಹಿಡಿದು ಸೂರಿಗೆ ಏರುತ್ತದೆ. ಮನೆಯೊಳಗಿನ ಸ್ಪ್ರಿಂಕ್ಲರಿಗೆ ಹೊರಗಿನ ಬೆಂಕಿಯ ಬಿಸಿ ತಾಗುವುದೇ ಇಲ್ಲ. ತಾಗುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಅದಕ್ಕೇ ಅಲ್ಲಿ, ತಲೆಯ ಮೇಲೆ ಚಾವಣಿಯಿರುವ ಬಾಲ್ಕನಿಗೂ ಒಂದು ಸ್ಪ್ರಿಂಕ್ಲರ್ ಬೇಕು ಎಂಬ ನಿಯಮ ಬಂತು. ಮಧುಗಿರಿಯ ಕಟ್ಟಡ ಕಾಂಕ್ರೀಟಿನದು. ಆದರೂ ಕಂಪನಿ ಹಟ ಬಿಡಲಿಲ್ಲ. ಬೆಂಗಳೂರಿನಿಂದ ಜನ ಬಂದು ಕೂರಿಸಿ ಹೋದರು.

ನಿಯಮ ಸಮುದ್ರ ದಾಟಿ ಬಂದಿತ್ತು. ಅದರ ಜೊತೆ ನೀರೂ ಬಂದಿತ್ತೇ ಎಂಬುದು ಲೋಹಿತಾಳ ಪ್ರಶ್ನೆ.

ಅವಳು ಕಂಬಿಗೆ ಒರಗಿ ಕೆಳಗೆ ಬಗ್ಗಿ ನೋಡಿದಳು. ಪಕ್ಕದ ಸೈಟಿನಲ್ಲಿ ಬೆಂಕಿ ಬೀಳುವುದಕ್ಕೂ ಮುಂಚಿನಿಂದ ಬೋರ್‌ವೆಲ್ ಲಾರಿ ನಿಂತಿತ್ತು. ಒಂದು ಕಡೆ ನೀರು ಬೀಳದೆ ಮೂರು ಕಡೆ ಕೊರೆದಿದ್ದರು. ಕಲ್ಲಿನ ಬಿಳಿ ಹುಡಿ ಕಟ್ಟಡದ ಈ ಗೋಡೆಗೆಲ್ಲ ಬಳಿದಂತೆ ಕೂತಿತ್ತು. ಪ್ರತಿ ಬಾಲ್ಕನಿಯಿಂದ ನೀರು ಹೋಗಲೆಂದು ಗೋಡೆಯಾಚೆ ಒಂದು ಮೋಟು ಪೈಪು ಚಾಚಿತ್ತು. ಬೇರೆ ಮನೆಗಳ ಪೈಪಿನ ಕೆಳಗೆ, ನೆಲ ತೊಳೆದ ನೀರು ಇಳಿದು, ಹುಡಿಯ ಮೇಲೆ ಉದ್ದುದ್ದ ಗೆರೆಗಳಾಗಿದ್ದವು.

ಈ ಮನೆಯ ಪೈಪಿನ ಕೆಳಗೆ ಗೆರೆ ಇರಲಿಲ್ಲ.

ಒಂದು ಸ್ಪ್ರಿಂಕ್ಲರ್ ಬಾಯಿ ತೆರೆದರೆ ನಿಮಿಷಕ್ಕೆ ಐವತ್ತು ಲೀಟರಿಗೂ ಮಿಗಿಲಾಗಿ ನೀರು ಸುರಿಯುತ್ತದೆ. ಮಸಿ ತೊಳೆದ ಆ ನೀರು ಇದೇ ಪೈಪಿನಿಂದ ಇಳಿಯಬೇಕಿತ್ತು. ಬೆಂಕಿ ಆರಿಸಿದ್ದು ಪುಡಿ ಎರಚುವ ಕೆಂಪು ಸಿಲಿಂಡರುಗಳಿಂದ. ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಗಾಗಿ ಇಲ್ಲಿ ಬಿದ್ದಿರಬಹುದಾದ ನೀರು ಒಂದೇ, ಸ್ಪ್ರಿಂಕ್ಲರಿನದು.

ಅವಳು ಗೋಡೆಯ ಫೋಟೋ ತೆಗೆದುಕೊಂಡಳು.

ಬಾಲ್ಕನಿ ಮನೆಯ ಮೂಲೆಯನ್ನು ಸುತ್ತಿಕೊಂಡು ಹೋಗುವಂಥದ್ದು. ಬಾಗಿಲಿನ ಎದುರು ಅರ್ಧ. ಮೂಲೆ ತಿರುಗಿದರೆ ಇನ್ನರ್ಧ. ಬ್ಯಾಟರಿ ಸುಟ್ಟಿದ್ದು ತಿರುವಿನಾಚೆ. ಅಲ್ಲಿ ಗೋಡೆ ಇದ್ದಿಲಿನಷ್ಟು ಕಪ್ಪು. ಒಲೆ ಇದ್ದದ್ದು ಬಾಗಿಲಿನ ಕಡೆ, ಗೋಡೆಯ ಸಂದಿಯಲ್ಲಿ. ಮಣ್ಣಿನ ಒಲೆ. ಅದರ ಮೇಲೆ ಒಂದು ಕಬ್ಬಿಣದ ಬಾಣಲೆ ಬೋರಲಾಗಿ ಕೂತಿತ್ತು.

"ಒಲೆ ಹೀಗೇ ಇತ್ತಾ?" ಅವಳು ಕೂಗಿ ಕೇಳಿದಳು.

"ಹಂಗೇ ಐತೆ ಮೇಡಂ," ಎಂದ ಓಬಳರಾಜು. "ಪೊಲೀಸ್ನೋರು ಫೋಟೋ ಹೊಡ್ಕೊಂಡು ಹೋದ್ರು. ಯಾರೂ ಮುಟ್ಟಿಲ್ಲ."

"ಮೇಷ್ಟ್ರೇ, ಸ್ವಲ್ಪ ಬನ್ನಿ. ನಾನು ಇದನ್ನ ಎತ್ತುವಾಗ ನೀವು ನೋಡಬೇಕು. ಇನ್‌ಸ್ಪೆಕ್ಟರ್ ಬಸವೇಶ್ ಅವರಿಗೆ ಹೇಳಿದ್ದೇನೆ, ಒಪ್ಪಿದ್ದಾರೆ."

ಬಾಣಲೆ ಸುತ್ತಲಿನ ಮಸಿಗೆ ಅಂಟಿಕೊಂಡಿತ್ತು. ಎತ್ತಿದಾಗ ಕೆಳಗೆ ಒಲೆಯ ಬಾಯಿ ತುಂಬ ಕಡಲೆಕಾಯಿ ಸಿಪ್ಪೆ. ಮೇಲಿನವು ಬಿಸಿಗೆ ಕಂದಿದ್ದವು, ಅಷ್ಟೆ. ಅವುಗಳ ಅಡಿಯಲ್ಲಿ ಇದ್ದಿಲ ತುಂಡುಗಳು, ಅಂಗಡಿಯಿಂದ ತಂದ ಹಾಗೆ.

ಲೋಹಿತಾ ಒಂದು ಸಿಪ್ಪೆಯನ್ನು ಎತ್ತಿ ಬೆರಳುಗಳ ನಡುವೆ ಮುರಿದಳು. ಪಟ್ಟೆಂದಿತು.

"ಇದ್ದಿಲು ಆರೋದಿಲ್ಲ ಅಂದಿರಿ," ಅವಳು ಓಬಳರಾಜುವಿನ ಕಡೆ ತಿರುಗಿದಳು. "ಇದು ಹೊತ್ತಿಯೇ ಇಲ್ಲವಲ್ಲ."

ಅವನು ಒಲೆಯನ್ನೇ ನೋಡುತ್ತಿದ್ದ.

"ಏಣಿ ತನ್ನಿ."

ಸ್ಪ್ರಿಂಕ್ಲರ್ ಇದ್ದದ್ದು ತಿರುವಿನಾಚೆ, ಗೋಡೆಯ ಮೇಲ್ತುದಿಯಲ್ಲಿ. ಹೆಬ್ಬೆರಳಿನಷ್ಟು ಹಿತ್ತಾಳೆ. ಅದರ ಎರಡು ಕಾಲುಗಳ ನಡುವೆ ಕೆಂಪು ದ್ರವ ತುಂಬಿದ ಪುಟ್ಟ ಗಾಜಿನ ಕೊಳವೆ ಇರುತ್ತದೆ. ಸುತ್ತಲಿನ ಬಿಸಿ ಅರವತ್ತೆಂಟು ಡಿಗ್ರಿ ಮುಟ್ಟಿದರೆ ಅದು ಒಡೆಯುತ್ತದೆ. ಅದು ತಡೆಹಿಡಿದಿದ್ದ ಬಿರಡೆ ಸಿಡಿದು ಹೋಗಿ ನೀರು ಬರುತ್ತದೆ. ಯಾರೂ ಸ್ವಿಚ್ ಹಾಕಬೇಕಿಲ್ಲ. ಯಾವುದಕ್ಕೆ ಬಿಸಿ ತಾಗಿತೋ ಅದೊಂದೇ ತೆರೆಯುತ್ತದೆ, ಉಳಿದವು ಸುಮ್ಮನಿರುತ್ತವೆ.

ಲೋಹಿತಾ ಏಣಿ ಹತ್ತಿ ಟಾರ್ಚ್ ಹಾಕಿದಳು. ಗಾಜು ಇರಲಿಲ್ಲ, ಒಡೆದಿತ್ತು. ಬಿರಡೆ ಮಾತ್ರ ಬಾಯಲ್ಲೇ ಕೂತಿತ್ತು, ಮಸಿ ಮೆತ್ತಿಕೊಂಡು, ಸ್ವಲ್ಪ ವಾರೆಯಾಗಿ. ಹಿಂದೆ ನೀರಿನ ಒತ್ತಡ ಇದ್ದಿದ್ದರೆ ಅದು ಆ ಕ್ಷಣವೇ ಹಾರಿಹೋಗಬೇಕಿತ್ತು.

ಗಾಜು ತನ್ನ ಕೆಲಸ ಮಾಡಿತ್ತು. ನೀರು ಮಾಡಿರಲಿಲ್ಲ.

ಅವಳು ಇಳಿದು ಕೈ ಒರೆಸಿಕೊಂಡು, ಏಣಿಯ ಕೊನೆಯ ಮೆಟ್ಟಿಲ ಮೇಲೆ ಕುಳಿತಳು.

"ಓಬಳರಾಜು, ನಿಮ್ಮೂರು ಯಾವುದು?"

"ತಾವರೆಕೆರೆ ಹತ್ರ ಮೇಡಂ. ಸಿರಾ ತಾಲ್ಲೂಕು."

"ಹೊಲ ಇದೆಯಾ?"

"ಐತೆ. ಕಡ್ಲೆಕಾಯಿ ಹಾಕ್ತೀವಿ."

"ಸ್ಪ್ರಿಂಕ್ಲರ್ ಇಟ್ಟಿದ್ದೀರಾ ಹೊಲಕ್ಕೆ?"

ಅವನ ಮುಖ ಮೊದಲ ಸಲ ಸಡಿಲವಾಯಿತು. "ಇಲ್ದೆ ಆಯ್ತದಾ ಮೇಡಂ. ಇರೋ ಬೋರಲ್ಲಿ ಬರೋದು ಅಷ್ಟೇ ನೀರು. ತ್ರೀಫೇಸ್ ಬಂತು ಅಂದ್ರೆ ಮೋಟ್ರು ಹಾಕ್ಬುಡೋದು, ಎಲ್ಲಾ ಜೆಟ್ಟೂ ಒಂದೇ ಸಲಕ್ಕೆ ಎದ್ದು, ಸುತ್ತ ಟಿಕ್ ಟಿಕ್ ಟಿಕ್ ಅಂತ..."

ಬೆರಳು ತಲೆಯ ಮೇಲೆ ಅರ್ಧ ಸುತ್ತು ಹೋಗಿ ನಿಂತಿತು.

ಕೆಳಗೆ ಬೋರ್‌ವೆಲ್ ಲಾರಿ ಮತ್ತೆ ಶುರುವಾಯಿತು.

"ನಮ್ಮಜ್ಜಿ ಹೊಲದಲ್ಲೂ ಇತ್ತು," ಎಂದಳು ಲೋಹಿತಾ. ಸದ್ದಿನ ಮೇಲೆ ಕೇಳಿಸಲೆಂದು ದನಿ ಎತ್ತಬೇಕಾಯಿತು. "ಅದು ತಿರುಗುತ್ತೆ. ಇದು ತಿರುಗೋದಿಲ್ಲ. ತಿರುಗೋ ಭಾಗವೇ ಇದಕ್ಕಿಲ್ಲ. ಒಂದು ಚಿಕ್ಕ ತಗಡಿಗೆ ನೀರು ಬಡಿದು ಮುಂದಕ್ಕೆ ಚೆಲ್ಲುತ್ತೆ, ಅಷ್ಟೆ. ನೀವು ನೋಡಿದ್ದಿದ್ದರೆ ಹಾಗೆ ಹೇಳ್ತಿದ್ದಿರಿ."

"ಗಾಬರೀಲಿ ಸರಿಯಾಗಿ..."

"ಗಾಬರಿಯಲ್ಲಿ ಮರೆಯಬಹುದು. ನೀವು ಮರೆತಿಲ್ಲ, ಹೊಲದಿಂದ ತಂದಿದ್ದೀರಿ."

"ಲೇ ರಾಜು," ಜಯರಾಮಯ್ಯ ಅವನತ್ತ ಬಗ್ಗಿ ಹೇಳಿದರು, "ಗೊತ್ತಿದ್ದರೆ ಗೊತ್ತು ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು. ಮೇಡಂ ಹತ್ತಿರ ಆಟ ಆಡಬೇಡ."

ಓಬಳರಾಜು ಅವರನ್ನೊಮ್ಮೆ ನೋಡಿ ನೆಲಕ್ಕೆ ಕೂತ. ಈ ಕಟ್ಟಡದ ಪಂಪು, ಪೈಪು, ಲಿಫ್ಟು ಎಲ್ಲಕ್ಕೂ ಅವನೇ. ನಲವತ್ತರ ಗಂಡಸು. ಈಗ ಮೊಣಕಾಲು ತಬ್ಬಿಕೊಂಡಿದ್ದ.

"ನೀರು ಬರ್ಲಿಲ್ಲ ಮೇಡಂ."

"ಯಾಕೆ?"

"ಲೈನು ಬಂದ್ ಮಾಡಿದ್ದೆ. ಕೂರಿಸಿ ಹೋದ ತಿಂಗಳಿಗೇ ಈ ಬಾಲ್ಕನಿ ಜಾಯಿಂಟು ಒಸರೋಕೆ ಶುರುವಾಯ್ತು. ಗೋಡೆ ಒಳಗೇ ಇಳ್ದು ಕೆಳಗಡೆ ಮನೆ ಹಾಲಲ್ಲಿ ಪೈಂಟೆಲ್ಲಾ ಬೊಬ್ಬೆ ಎದ್ದೋಯ್ತು. ಬೆಂಗಳೂರೋರಿಗೆ ಫೋನ್ ಮಾಡುದ್ರೆ ಇವತ್ತು ನಾಳೆ ಅಂತವ್ರೆ. ಕೊನೆಗೆ ಒಳಗಡೆ ಪೈಪು ಬಿಚ್ಚಿ ಬಾಯಿಗೆ ಡಮ್ಮಿ ಮುಚ್ಚಳ ಹಾಕ್ಬುಟ್ಟೆ. ಒಸರೋದು ನಿಂತೋಯ್ತು."

"ಆಮೇಲೆ ಅದನ್ನ ತೆಗೆಯಲಿಲ್ಲ."

"ಮರ್ತೋಯ್ತು. ಅದು ಓಡಿದ್ದನ್ನ ಈ ಬಿಲ್ಡಿಂಗಲ್ಲಿ ಯಾರೂ ನೋಡಿಲ್ಲ ಮೇಡಂ. ಗೋಡೇಗೆ ಹೊಡೆದಿರೋ ಮೊಳೆ ಇದ್ದಂಗೆ ಇತ್ತು."

"ಇಷ್ಟು ಅವಸರ ಯಾರಿಗಿತ್ತು? ಬೆಂಗಳೂರಿನವರು ಬರೋವರೆಗೂ ಕಾಯಬಹುದಿತ್ತಲ್ಲ."

ಓಬಳರಾಜು ಬಾಗಿಲ ಜಾಲರಿಯ ಕಡೆ ನೋಡಿದ. "ಮನೇಲಿ ಶುಭಕಾರ್ಯ ಇತ್ತು. ಬೀಗರು ಬರೋ ಹೊತ್ಗೆ ಗೋಡೆ ಹಸಿ ಕಾಣ್ಬಾರ್ದು ಅಂದ್ರು."

"ಈಗ ಆ ಗೋಡೆ ಕಥೆ ಯಾಕೆ," ಎಂದರು ಜಯರಾಮಯ್ಯ. "ಹೌದು ಮೇಡಂ, ನಮ್ಮ ಮನೆಯೇ. ಹರ್ಷಿತಾಳ ನಿಶ್ಚಿತಾರ್ಥ. ಗೋಡೆ ಸರಿ ಮಾಡಪ್ಪ ಅಂದೆ. ಇವನು ಹಿಂಗೆ ಸರಿ ಮಾಡ್ತಾನೆ ಅಂತ ನನಗೇನು ಗೊತ್ತು."

ಅದು ಒಪ್ಪುವಂಥ ಮಾತೇ ಆಗಿತ್ತು. ಗೋಡೆ ಒಣಗಬೇಕೆಂದು ಯಾವ ತಂದೆಯಾದರೂ ಕೇಳುತ್ತಿದ್ದ.

"ಚೇತನ್‌ಗೆ ಗೊತ್ತಿತ್ತಾ?" ಲೋಹಿತಾ ಓಬಳರಾಜುವನ್ನೇ ಕೇಳಿದಳು.

"ಅನುಮಾನ ಇತ್ತು. ಒಂದಿನ ಪೈಪಿಗೆ ಕಿವಿ ಇಟ್ಕಂಡು ತಟ್ಟಿ ನೋಡ್ತಿದ್ರು. ನೀರು ಐತೇನ್ರೀ ಇದ್ರಾಗೆ ಅಂದ್ರು. ಐತೆ ಸಾರ್ ಅಂದ್ಬುಟ್ಟೆ. ಸರಿ, ಅಧ್ಯಕ್ಷರನ್ನೇ ಕೇಳ್ತೀನಿ ಬುಡಿ ಅಂದ್ರು."

"ಕೇಳಿದರಾ ಮೇಷ್ಟ್ರೇ?"

"ಇಲ್ಲ." ಉತ್ತರ ತಡವಿಲ್ಲದೆ ಬಂತು. "ಕೇಳಿದ್ದರೆ ನಾನೇ ನಿಂತು ಸರಿ ಮಾಡಿಸ್ತಿದ್ದೆ."

ಲೋಹಿತಾ ಎದ್ದಳು. ಮೂರು ಸಂಗತಿಗಳು ಗಟ್ಟಿಯಾಗಿದ್ದವು: ಒಲೆ ಹೊತ್ತಿರಲಿಲ್ಲ, ನೀರು ಬಂದಿರಲಿಲ್ಲ, ಬೆಂಕಿ ಹುಟ್ಟಿದ್ದು ಬ್ಯಾಟರಿಯಿಂದ. ಬೊಮ್ಮಕ್ಕನಿಗೆ ಇಷ್ಟು ಸಾಕು. ಆದರೆ ಅವಳನ್ನು ಬೆಳಗಿನಿಂದ ಕಾಡುತ್ತಿದ್ದದ್ದು ಬೇರೆಯೇ. ಸ್ಪ್ರಿಂಕ್ಲರ್ ಕೈಕೊಟ್ಟರೂ ಬಾಗಿಲು ಇತ್ತಲ್ಲ. ಗಟ್ಟಿಮುಟ್ಟಾದ ಮನುಷ್ಯ. ಬೆಂಕಿ ತಿರುವಿನಾಚೆ, ಬಾಗಿಲು ಈಚೆ. ಹೊಗೆ ಕವಿಯುವ ಮುಂಚೆ ಹತ್ತು ಹೆಜ್ಜೆ ನಡೆದು ಒಳಗೆ ಬರಬಹುದಿತ್ತು.

"ನೀವು ಬಂದಾಗ ಅವರು ಎಲ್ಲಿ ಬಿದ್ದಿದ್ದರು? ಪೊಲೀಸರಿಗೆ ಮೂಲೆಯಲ್ಲಿ ಅಂದಿದ್ದೀರಿ."

ಓಬಳರಾಜು ಅಳುತ್ತಿದ್ದ. ಸದ್ದಿಲ್ಲದೆ, ಮುಖ ತಿರುಗಿಸದೆ.

"ಬಾಗ್ಲ ಹತ್ರಾನೇ," ಎಂದ. "ಬಾಗ್ಲಿಗೆ ಒತ್ಕಂಡೇ ಬಿದ್ದಿದ್ರು."

"ಬಾಗಿಲು ತೆರೆದಿತ್ತು ಅಂತಲೂ ಹೇಳಿದ್ದೀರಿ."

"ಇಲ್ಲ ಮೇಡಂ. ಚಿಲಕ ಹಾಕಿತ್ತು. ಒಳಗಡೆಯಿಂದ. ನಾನೇ ತೆಗ್ದೆ."

ಕೆಳಗೆ ಬೋರ್‌ವೆಲ್ ಕೊರೆಯುತ್ತಲೇ ಇತ್ತು. ಅವತ್ತೂ ಹೀಗೇ ಕೊರೆಯುತ್ತಿದ್ದಿರಬೇಕು. ಒಬ್ಬ ಮನುಷ್ಯ 'ಬಾಗಿಲು ತೆಗೀರಿ' ಎಂದು ಎಷ್ಟು ಕೂಗಿದರೂ ಯಾರಿಗೂ ಕೇಳಿಸದ ಹಾಗೆ.

"ಯಾಕೆ ಮುಚ್ಚಿಟ್ಟಿರಿ?"

"ಮನೆ ಒಳಗೆ ಮೊದ್ಲು ಹೋದೋನು ನಾನು. ನನ್ನ ಹತ್ರ ಕೀ ಇತ್ತು. ಚಿಲಕ ಹಾಕಿತ್ತು ಅಂದ್ರೆ ಯಾರು ಹಾಕ್ದೋರು ಅಂತಾರೆ. ಡಮ್ಮಿ ಹಾಕ್ದೋನೂ ನಾನೇ. ಹೆಂಗೆ ಬದುಕ್ಲಿ ಮೇಡಂ."

"ನಿಮ್ಮ ಸುಳ್ಳಿಗೆ ಬೊಮ್ಮಕ್ಕ ಜೈಲಿಗೆ ಹೋಗೋದಿತ್ತು."

ಅವನು ಮೊಣಕಾಲಿಗೆ ಹಣೆ ಒತ್ತಿದ.

ಲೋಹಿತಾ ಅಲ್ಲಿಂದಲೇ ಬಸವೇಶ್‌ಗೆ ಫೋನ್ ಮಾಡಿದಳು. ಹೇಳಿಕೆ ತೆಗೆದುಕೊಳ್ಳಲು ಪೇದೆಯನ್ನು ಕಳಿಸುತ್ತೇನೆ, ಓಬಳರಾಜು ಅಲ್ಲೇ ಇರಲಿ ಎಂದರು ಅವರು. ಫೋನ್ ಇಟ್ಟು ತಿರುಗಿದಾಗ ಜಯರಾಮಯ್ಯ ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದರು. ಕೊನೆಯದು ಸೇರುತ್ತಿರಲಿಲ್ಲ. ಅವರು ಅದನ್ನು ಒತ್ತುತ್ತಲೇ ಇದ್ದರು.

"ಬೊಮ್ಮಕ್ಕನ ಮನೆಗೆ ಹೋಗ್ತೀರಾ?" ಎಂದರು. "ಬನ್ನಿ, ಕಾರಲ್ಲಿ ಬಿಡ್ತೀನಿ. ಕೋಟೆ ಬೀದಿಯ ಸಂದಿಗಳು ನಿಮಗೆ ಗೊತ್ತಾಗೋದಿಲ್ಲ."

* * *

ಬೆಟ್ಟದ ಬುಡದಲ್ಲಿ, ಹಳೆಯ ಕೋಟೆಗೋಡೆಗೆ ಬೆನ್ನು ಕೊಟ್ಟು ಒಂದು ಸಾಲು ಮನೆ. ಬೊಮ್ಮಕ್ಕನದು ಕೊನೆಯದು. ಮೇಷ್ಟ್ರು ಬೀದಿಯ ತಲೆಯಲ್ಲಿ, ಬೇವಿನ ಮರದಡಿ ಕಾರು ನಿಲ್ಲಿಸಿ, "ನೀವು ಮಾತಾಡಿ ಬನ್ನಿ, ನಾನು ಇಲ್ಲೇ ಇರ್ತೀನಿ. ನನ್ನ ಮುಂದೆ ಅವಳು ಸಂಕೋಚ ಪಡ್ತಾಳೆ" ಎಂದರು.

ಬಾಗಿಲಿಗೆ ಹೊರಗಿನಿಂದ ಸರಪಳಿ ಸಿಕ್ಕಿಸಿತ್ತು. ಯಾರೂ ಇಲ್ಲವೇನೋ ಎಂದು ಲೋಹಿತಾ ಹಿಂದೆ ಸರಿಯುವಷ್ಟರಲ್ಲಿ ಒಳಗಿನಿಂದ ದನಿ ಬಂತು.

"ಯಾರು? ಸರಪಳಿ ತೆಗೆದು ಬನ್ನಿ. ಪಕ್ಕದ ಮಾರಕ್ಕ ಹಾಕವ್ಳೆ."

"ನೀವು ಒಳಗಿದ್ದಾಗಲೂ?"

"ಕೋತಿಗೇನು ಗೊತ್ತು ನಾನು ಒಳಗಿರೋದು." ಬೊಮ್ಮಕ್ಕ ಮೊರದಲ್ಲಿ ಹುರುಳಿ ಕೇರುತ್ತಾ ಕೂತಿದ್ದಳು. ಅರವತ್ತು ದಾಟಿದ ಒಣಕಲು ದೇಹ, ಚುರುಕು ಕಣ್ಣು. "ಮೊನ್ನೆ ಒಂದು ಒಳಕ್ಕೇ ಬಂದು ಸಾರಿನ ಪಾತ್ರೆ ಇಣುಕಿ ನೋಡಿ, ಮೂತಿ ಸಿಂಡರಿಸ್ಕಂಡು ಹೋಯ್ತು ಕಣಮ್ಮ. ನನ್ನ ಕೈ ಸಾರಿಗೆ ಮೂತಿ ಸಿಂಡರಿಸಿದ್ದು ಅದೊಂದೇಯ. ಅದಕ್ಕೇ ಈ ಬೀದೀಲಿ ಕೋತಿ ಕಂಡೋರು ಯಾರ ಬಾಗ್ಲಾದ್ರೂ ಸರಿ, ಹಾಕ್ಬುಟ್ಟು ಹೋಯ್ತಾರೆ."

ಲೋಹಿತಾ ಚಾಪೆಯ ಮೇಲೆ ಕುಳಿತಳು. ಒಲೆಯ ವಿಷಯ ಹೇಳಿದಳು: ಬಾಣಲೆ, ಸಿಪ್ಪೆ, ಹೊತ್ತದ ಇದ್ದಿಲು.

"ಅದೇ ಅಲ್ವಾ ನಾನು ಬಾಯಿ ಬಡ್ಕಂಡಿದ್ದು. ಮುದ್ದೆ ಗ್ಯಾಸ್ ಮೇಲೇ ತಿರುವಿದ್ದೆ. ಸಾಯಂಕಾಲಕ್ಕೆ ಚೇತಪ್ಪಂಗೆ ಕಡ್ಲೆಕಾಯಿ ಹುರಿಯಾನ ಅಂತ ಒಲೆ ತುಂಬಿಟ್ಟು, ಬಾಣ್ಲೆ ಬೋರ್ಲು ಹಾಕಿದ್ದೆ." ಮೊರ ನಿಂತಿತು. "ಹಂಗಾರೆ ನಾನಲ್ಲ?"

"ನೀವಲ್ಲ. ಇನ್‌ಸ್ಪೆಕ್ಟರಿಗೂ ಹೇಳಿದ್ದೇನೆ."

ಬೊಮ್ಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಜೈಲು ಬುಡಮ್ಮ, ಅಲ್ಲೂ ಯಾರಾರ ಬೇಯಿಸಿ ಹಾಕ್ಬೇಕಲ್ಲ. ನನಗಿದ್ದಿದ್ದು ಒಂದೇ ಯೋಚ್ನೆ. ಆ ಮಗ ನನ್ನ ಕೈಯಿಂದ ಸತ್ತ ಅಂತ ಆಗ್ಬಾರ್ದು. ನಾಳಿಂದ ಯಾರ ಮನೆ ಒಲೆ ಮುಟ್ಲಿ ನಾನು? ಯಾವ ಕೈಯಾಗೆ ಮುಟ್ಲಿ?"

ಲೋಹಿತಾ ಆ ಕೈಗಳನ್ನು ನೋಡಿದಳು. ಎದ್ದು ಹೊರಟುಬಿಡಬಹುದಿತ್ತು. ಕೇಳಬೇಕಿದ್ದ ಪ್ರಶ್ನೆಯನ್ನು ಕೇಳದಿದ್ದರೂ ಈ ಹೆಂಗಸಿನ ಮೇಲಿನ ಆರೋಪ ಬಿದ್ದುಹೋಗುತ್ತಿತ್ತು. ಕೇಳಿದರೆ ಏನು ಉಳಿಯುತ್ತದೋ ಗೊತ್ತಿರಲಿಲ್ಲ. ಆದರೆ ಕಾಣದ್ದನ್ನು ಬರೆಯುವುದು ಹೇಗೆ ತಪ್ಪೋ, ಕಂಡದ್ದನ್ನು ಬಿಡುವುದೂ ತಪ್ಪು.

"ಬೊಮ್ಮಕ್ಕ, ಅವತ್ತು ಮನೆ ಬಿಡುವಾಗ ಬಾಲ್ಕನಿ ಬಾಗಿಲು?"

"ಚಿಲಕ ಹಾಕ್ಬುಟ್ಟೇ ಬಂದೆ. ದಿನಾ ಹಾಕ್ತೀನಿ. ಅದನ್ನೇನು ಕೇಳ್ತೀಯ, ಇಲ್ದಿದ್ರೆ ಕೋತಿ ಬುಡ್ತಾವಾ?"

"ಪೊಲೀಸರಿಗೆ ಹೇಳಿದಿರಾ?"

"ಒಲೆ ಒಲೆ ಅಂದ್ರೇ ಹೊರ್ತು ಬಾಗ್ಲು ಯಾರು ಕೇಳುದ್ರು? ಆಮೇಕೆ ಚೇತಪ್ಪ ಬಂದು ತೆಗ್ದವ್ನೆ ಅಲ್ವಾ. ತೆರೆದಿತ್ತು ಅಂತ ರಾಜೂನೇ ಹೇಳಿದ್ನಲ್ಲ."

ಲೋಹಿತಾ ಕಣ್ಣು ತಗ್ಗಿಸಿದಳು. ಬೊಮ್ಮಕ್ಕನಿಗೆ ಅಷ್ಟೇ ಸಾಕಾಯಿತು. ಅವಳ ಕೈಯಿಂದ ಮೊರ ಜಾರಿ, ಹುರುಳಿ ನೆಲದ ತುಂಬ ಹರಡಿತು.

"ತೆರೆದಿರ್ಲಿಲ್ವಾ?"

"ಇಲ್ಲ."

"ಹಂಗಾರೆ ನಾನು ಚಿಲಕ ಹಾಕೋವಾಗ..." ಅವಳು ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು. "ಆ ಮೂಲೆ ಕಡೆ ಇದ್ನಾ ಮಗ? ಅಲ್ಲಿದ್ರೆ ಹಾಲಿಂದ ಕಾಣಲ್ಲ ಕಣಮ್ಮ. ಆ ಬೋರಿನ ಗಲಾಟೇಲಿ ಕೇಳೋದೂ ಇಲ್ಲ. ನಾನೇ ಹಾಕಿದ್ನಾ?"

"ಅವರು ಮನೆಯಲ್ಲಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಕೂಗಿ ನೋಡಿದಿರಾ?"

"ಕೂಗ್ಬೇಕು ಅಂತಿದ್ದೆ. ಹಾಲಲ್ಲಿ ಅವನ ಫೋನಿತ್ತು, ಎಲ್ಲೋದ ಈ ಮಗ ಅಂತ. ಕೂಗೋಕೆ ಬಾಯಿ ತೆಗ್ದೆ. ಅಷ್ಟೊತ್ಗೆ ಮುಂದಿನ ಬಾಗ್ಲಾಗೆ ನಿಂತಿದ್ದೋರು ಹೇಳುದ್ರು, ಚೇತನ್ ಈಗ ಕೆಳಗೆ ಹೋದ, ಕೋತಿ ಬಂದಾವೆ, ಚಿಲಕ ಹಾಕ್ಬುಟ್ಟು ನೀನು ಹೋಗು ಬೊಮ್ಮಕ್ಕ ಅಂತ."

"ಯಾರು ಹೇಳಿದ್ದು?"

ಬೊಮ್ಮಕ್ಕ ಅವಳ ಮುಖ ನೋಡಿದಳು. ಇದರಲ್ಲಿ ಕೇಳುವಂಥದ್ದು ಏನಿದೆ ಎಂಬಂತೆ.

"ಮೇಷ್ಟ್ರು."

ಚೇತನ್ ತಮ್ಮನ್ನು ಏನೂ ಕೇಳಲಿಲ್ಲ ಎಂದಿದ್ದ ಮೇಷ್ಟ್ರು ಅವತ್ತು ಅವನ ಮನೆಯಲ್ಲೇ ನಿಂತಿದ್ದರು. ಬೀದಿ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದಲ್ಲಿ ಹೊರಗೆ ಬಾಗಿಲಿನ ಬಳಿ ಸರಪಳಿ ಕಿಣಿಯೆಂದು ಎದ್ದು, ಕೊಂಡಿಗೆ ಬಿದ್ದ ಸದ್ದು ಚೆನ್ನಾಗಿಯೇ ಕೇಳಿಸಿತು.

"ಕೋತಿ ಬಂದಾವೇನೋ," ಎಂದಳು ಬೊಮ್ಮಕ್ಕ, ಚೆಲ್ಲಿದ ಹುರುಳಿಯನ್ನೇ ನೋಡುತ್ತಾ.

ಲೋಹಿತಾ ಎದ್ದು ಕಿಟಕಿಯ ಕಂಬಿಗೆ ಮುಖ ಒತ್ತಿದಳು. ಬೇವಿನ ಮರದಡಿ ಕಾರು ಇತ್ತು. ಒಳಗೆ ಯಾರೂ ಇರಲಿಲ್ಲ. ಎದುರು ಸಾಲಿನ ಸೂರುಗಳ ಮೇಲೆ, ಕೋಟೆಗೋಡೆಯ ಮೇಲೆ, ಕಣ್ಣು ಹಾಯುವಷ್ಟು ದೂರಕ್ಕೂ ಒಂದೇ ಒಂದು ಕೋತಿ ಇರಲಿಲ್ಲ.